ಮೂವತ್ತನೆಯ ಡಬ್ಬಿ

"ಆ ಚಾದ ಕಪ್ಪು ಕೆಳಗಿಡ್ರಿ! ಇವಂಗ ಟಿ.ಬಿ. ಅದ!"

ಹೆಲ್ತ್ ಇನ್ಸ್‌ಪೆಕ್ಟರ್ ಬಸವಂತ್ರಾಯ ಇದನ್ನು ಚಹಾದಂಗಡಿಯ ಒಳಗೆ ಹೋಗಿ ಮೆಲ್ಲಗೆ ಹೇಳಬಹುದಿತ್ತು. ಹಾಗೇ ಹೇಳಬೇಕೆಂಬ ನಿಯಮವೂ ಇತ್ತು. ಆದರೆ ಮೆಲ್ಲಗೆ ಹೇಳಿದರೆ ಈ ಜನರ ತಲೆಗೆ ಹೋಗುವುದಿಲ್ಲ ಎಂಬುದು ಅವನ ಇಪ್ಪತ್ತೆರಡು ವರ್ಷದ ಸರ್ವಿಸಿನ ಸಾರ. ಅದಕ್ಕೇ ರಸ್ತೆಯಲ್ಲೇ ನಿಂತು, ಓಣಿಯ ಧೂಳು ತನಗೆ ಆಗಿಬರುವುದಿಲ್ಲ ಎಂಬಂತೆ ಬಾಯಿಗೆ ಕರ್ಚೀಫು ಒತ್ತಿಕೊಂಡು ಕೂಗಿದ. ಬೆಂಚಿನ ಮೇಲಿದ್ದ ಐವರು ಕಪ್ಪು ಅಲ್ಲೇ ಬಿಟ್ಟು ಎದ್ದರು.

ಸುಲ್ತಾನಸಾಬ ಚಹಾ ಸೋಸುವ ಬಟ್ಟೆ ಹಿಡಿದುಕೊಂಡೇ ಹೊರಗೆ ಬಂದ.

"ಯಾರಿಗ್ರಿ, ಸಾಬ್?"

"ನಿನಗೇ. ಯಾದಗಿರಿ ಲ್ಯಾಬಿನಿಂದ ರಿಪೋರ್ಟ್ ಬಂದದ. ಕಫದ ಡಬ್ಬಿ ಮ್ಯಾಲ ನಿನ್ನ ಹೆಸರದ."

"ನಾ ಕಫ ಕೊಟ್ಟೇ ಇಲ್ರಿ. ಕಫ ಒಯ್ದ ದಿನ ನಾ ಊರಾಗ ಇದ್ದಿಲ್ಲ, ಕಕ್ಕೇರಾದಾಗಿನ ತಂಗಿ ಮನಿಗಿ ಹೋಗಿದ್ದೆ."

"ಮತ್ತ ನಿನ್ನ ಕಫ ತಾನೇ ಬಸ್ ಹತ್ತಿ ಯಾದಗಿರಿಗಿ ಹೋಯ್ತೇನು? ರೋಗ ಬಂದ್ರ ಮುಚ್ಚಿಡೋದು ನಿಮ್ಮ ಮಂದಿ ಚಾಳಿ. ಇವತ್ತಿನಿಂದ ಅಂಗಡಿ ಬಂದ್!"

ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿರುವ ಈ ಊರಲ್ಲಿ ಹಿಂದಿನ ವಾರವೆಲ್ಲ ಆರೋಗ್ಯ ಕೇಂದ್ರದ ಆಟೋ ತಿರುಗಿತ್ತು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಇಳಿಯುವ ತೂಕ, ಇವು ಇದ್ದವರು ಬಂದು ಕಫ ಕೊಡಿ ಎಂದು ಮೈಕು ಕನ್ನಡದಲ್ಲೂ ಉರ್ದುವಿನಲ್ಲೂ ಒದರಿತ್ತು. ಉರ್ದು ದನಿ ಶಾಲೆಯ ಮೇಷ್ಟ್ರದು, ಕನ್ನಡದ್ದು ಸ್ವತಃ ಬಸವಂತ್ರಾಯನದು. ಅವನು ಎರಡು ಕಡೆ ಗಂಟಲು ಸರಿಮಾಡಿಕೊಂಡ ಸದ್ದೂ ರೆಕಾರ್ಡಿನಲ್ಲಿ ಉಳಿದು, ಆಟೋ ಬಂದಾಗಲೆಲ್ಲ ಮಕ್ಕಳು ಹಾಗೇ ಅಣಕಿಸುತ್ತಿದ್ದವು. ಅವುಗಳನ್ನೂ ಅವನು ನಾಲಾಯಕರ ಪಟ್ಟಿಗೆ ಸೇರಿಸಿದ.

ಮೂವತ್ತು ಜನರ ಕಫ ಕಳಿಸಬೇಕೆಂದು ಮೇಲಿನಿಂದ ಹುಕುಂ. ಕೊನೆಯ ದಿನ ಒಂದು ಡಬ್ಬಿ ಖಾಲಿ ಉಳಿಯಿತು. ಲೆಕ್ಕ ತುಂಬಲೆಂದು ಪಟ್ಟಿಗೆ ಸೇರಿಸಿದ್ದ ಸುಲ್ತಾನಸಾಬನ ಹೆಸರು ಅದರ ಮೇಲೆ ಆಗಲೇ ಅಂಟಿಸಿಯಾಗಿತ್ತು. ಬಸವಂತ್ರಾಯ ಜವಾನ ಹುಲಗಪ್ಪನನ್ನು ಕರೆದ.

"ಸಂಜಿಗಿ ಗಾಡಿ ಬರ್ತದ. ಮೂವತ್ತೂ ತುಂಬಿರಬೇಕು."

"ಅವ್ರ ಮನಿಗಿ ಬೀಗ ಅದರಿ, ಸಾಹೇಬ್ರ."

"ತಿರುಗಿ ಮಾತಾಡಬ್ಯಾಡ. ತುಂಬಸು ಅಂದ್ರ ತುಂಬಸು."

ಹುಲಗಪ್ಪ ತಿರುಗಿ ಮಾತಾಡುವ ಆಸಾಮಿಯೇ ಅಲ್ಲ. ಎಂಟು ವರ್ಷದಿಂದ ಬಾಗಿಲು ತೆಗೆಯುವುದು, ಕಸ ಹೊಡೆಯುವುದು, ಸಾಹೇಬರ ಟೇಬಲ್ಲಿನ ಕೆಳಗಿನ ಹಿತ್ತಾಳೆ ಪೀಕದಾನಿ ತೊಳೆದಿಡುವುದು, ಬೈಸಿಕೊಳ್ಳುವುದು ಅವನ ಕೆಲಸ. ಉಗುಳಲು ಎದ್ದು ಹೊರಗೆ ಹೋಗುವುದು ಇನ್ಸ್‌ಪೆಕ್ಟರನ ಘನತೆಗೆ ಒಗ್ಗುತ್ತಿರಲಿಲ್ಲ. ಸಂಜೆ ಗಾಡಿ ಬಂದಾಗ ಮೂವತ್ತು ಡಬ್ಬಿಯೂ ತುಂಬಿದ್ದವು. ಬಸವಂತ್ರಾಯ ಎಣಿಸಿ ಸಹಿ ಹಾಕಿದ.

ಅಂಗಡಿ ಮುಚ್ಚಿದ ಮರುದಿನ ಸುಲ್ತಾನಸಾಬನ ಹೆಂಡತಿ ಗೌಹರಬೇಗಂ ಆರೋಗ್ಯ ಕೇಂದ್ರದ ಬಾಗಿಲಲ್ಲಿ ಬಂದು ಕೂತಳು.

"ಮೂವತ್ತು ವರ್ಷದ ಅಂಗಡಿರಿ. ಈಗ ನಮ್ಮ ಮನಿ ನೀರೂ ಯಾರೂ ಕುಡ್ಯಲ್ಲ. ಅವರಿಗಿ ಕೆಮ್ಮಿಲ್ಲ, ಜ್ವರ ಇಲ್ಲ. ಇನ್ನೊಮ್ಮಿ ಕಫ ತಗೋರಿ. ನಿಮ್ಮ ಕಣ್ಣೆದುರಿಗೇ ಕೊಡ್ತಾರ."

"ಗುಳಿಗಿ ನುಂಗು ಅಂದ್ರ ನುಂಗಬೇಕು, ವಾದ ಮಾಡಬಾರದು." ಬಸವಂತ್ರಾಯ ಎದ್ದು, ಜಾರಿದ ಪ್ಯಾಂಟನ್ನು ಮೇಲೆಳೆದುಕೊಂಡ. "ನನ್ನ ನೋಡು. ಎರಡು ತಿಂಗಳು ವಾಕಿಂಗ್ ಮಾಡೀನಿ, ಹೊಟ್ಟಿ ಹ್ಯಾಂಗ ಕರಗ್ಯಾದ! ನೀವು ಮೈ ಬಗ್ಗಸಂಗಿಲ್ಲ, ರೋಗ ಬಂದಮ್ಯಾಲ ಅಳ್ತೀರಿ."

ಗೌಹರಬೇಗಂ ಅಳಲಿಲ್ಲ, ಏಳಲೂ ಇಲ್ಲ. ಮಧ್ಯಾಹ್ನದವರೆಗೂ ಅವಳ ಮುಖ ನೋಡಿ ಬೇಸತ್ತು ಅವನು ಹೊಸ ಡಬ್ಬಿ ಕೊಟ್ಟ. ಸುಲ್ತಾನಸಾಬ ಅವನೆದುರೇ ನಿಂತು, ಇಲ್ಲದ ಕೆಮ್ಮು ಕೆಮ್ಮಿ, ಕಫ ಕೊಟ್ಟ.

ಐದನೆಯ ದಿನ ಯಾದಗಿರಿಯ ಡಾಕ್ಟರಮ್ಮನ ಫೋನು ಬಂತು.

"ಸುಲ್ತಾನಸಾಬಗ ಏನೂ ಇಲ್ಲ. ಮೊದಲಿಂದು ಅವನ ಕಫ ಅಲ್ಲ. ಆದ್ರ ಅದರಾಗಿನ ರೋಗ ಖರೇ. ಅದು ಯಾರದೋ ಆ ಮನಷಾ ಔಷಧ ಇಲ್ಲದ ಊರಾಗ ತಿರಗಾಡಾಕತ್ಯಾನ. ಮೊದಲು ಅವನ್ನ ಹುಡಕ್ರಿ."

ಸುದ್ದಿ ಕೇಳಿದ ಗೌಹರಬೇಗಂ ಒಂದೇ ಮಾತು ಹೇಳಿದಳು. "ಎಲ್ಲಿ ನಿಂತು ಕೂಗಿದ್ರಿ, ಅಲ್ಲೇ ನಿಂತು ಇದನ್ನೂ ಕೂಗ್ರಿ."

ಕೂಗಲೇಬೇಕಾಯಿತು. ಆದರೆ ತಪ್ಪು ತನ್ನದೆನ್ನಲು ಬಸವಂತ್ರಾಯನಿಗೇನು ತಲೆ ಕೆಟ್ಟಿತ್ತೇ? ಹುಲಗಪ್ಪನ ರಟ್ಟೆ ಹಿಡಿದು ಚಹಾದಂಗಡಿಯ ಮುಂದೆ ತಂದು ನಿಲ್ಲಿಸಿದ. ಅರ್ಧ ಊರು ಸೇರಿತು. ಕದ ಹಾಕಿದ ಅಂಗಡಿಯ ಕಟ್ಟೆಯ ಮೇಲೆ ಸುಲ್ತಾನಸಾಬ ನಿಂತಿದ್ದ.

"ನೋಡ್ರಿ, ಎಲ್ಲಾ ಈ ದಡ್ಡ ಮಾಡಿದ ಲಫಡಾ!" ಬಸವಂತ್ರಾಯ ಕರ್ಚೀಫು ಬಾಯಿಂದ ಸರಿಸಿ ಗುಡುಗಿದ. "ಸುಲ್ತಾನಸಾಬಗ ಏನೂ ಇಲ್ಲ. ಇವ ಯಾರದೋ ಕಫ ತುಂಬ್ಯಾನ. ಹೇಳಲೇ, ಯಾವ ಹಲ್ಕಾ ನನ್ಮಗಂದು ಅದು? ಮೆಲ್ಲಕ ಅಲ್ಲ, ಊರಿಗೇ ಕೇಳಂಗ ಕೂಗು!"

ಹುಲಗಪ್ಪ ಎಂದಿನಂತೆ ತಿರುಗಿ ಮಾತಾಡಲಿಲ್ಲ, ಹೇಳಿದಷ್ಟೇ ಮಾಡಿದ: "ನಿಮ್ಮ ಪೀಕದಾನ್ಯಾಗಿಂದ್ರಿ, ಸಾಹೇಬ್ರ!"