ಮಗ್ಗೆ ತಿರುವಿನಲ್ಲಿ ನಿಲ್ಲುವ ಕಾರು

ಮತ್ತೆ ಅದೇ ಕಾರು, ಮತ್ತೆ ಅದೇ ತಿರುವು. ಚಾರ್ಜ್ ಮಾಡಿದ ಬ್ಯಾಟರಿಯನ್ನು ಸ್ಕೂಟರಿನಿಂದ ಇಳಿಸುತ್ತಾ ಪ್ರವೀಣ್ ಹಲ್ಲು ಕಡಿದ.

ಆಲೂರಿನಲ್ಲಿ ಆಟೋ ಎಲೆಕ್ಟ್ರಿಷಿಯನ್ ಅಂಗಡಿ ತೆರೆದು ಇನ್ನೂ ವರ್ಷವಾಗಿಲ್ಲ. ಹಾಸನದಿಂದ ಬಂದವನು, ಊರಿನ ಪರಿಚಯವೂ ಅಷ್ಟಕ್ಕಷ್ಟೆ. ಹೆಸರು ಮಾಡಬೇಕಾದ ಹೊತ್ತಿನಲ್ಲಿ ಕಾಫಿ ತೋಟದ ಬಸವಯ್ಯನ ಈ ಹಳೇ ಅಂಬಾಸಡರ್ ಗಂಟುಬಿದ್ದಿತ್ತು. ವಾರವಾರವೂ ಆಲೂರು ಸಂತೆಗೆ ಹೊರಡುವುದು, ಮಗ್ಗೆ ತಿರುವಿನಲ್ಲಿ ನಿಲ್ಲುವುದು.

"ನೀನು ಮುಟ್ಟಿದ ಗಾಡಿ ಮಗ್ಗೆ ದಾಟಲ್ಲ ಬುಡಪ್ಪ," ಎಂದು ಹೋಟೆಲ್ ಕರಿಯಪ್ಪ ಹತ್ತು ಜನರ ಮುಂದೆ ನಕ್ಕಿದ್ದ. ಆಮೇಲೆ ಎರಡು ಜೀಪುಗಳು ಅಂಗಡಿ ಬಾಗಿಲಿಗೆ ಬಂದು ಹಾಗೇ ಹಿಂದಿರುಗಿದ್ದವು. ಅಂಗಡಿ ಮುಚ್ಚಬೇಕಾದೀತೆಂಬ ಭಯ ಪ್ರವೀಣನಿಗೆ ನಿಜಕ್ಕೂ ಹತ್ತಿತ್ತು.

ಬಸವಯ್ಯ ಎಂದಿನಂತೆ ತಿರುವಿನ ಹೆಂಚಿನ ಮನೆಯ ಜಗಲಿಯಲ್ಲಿ ಕೂತು ಅಕ್ಕಿ ರೊಟ್ಟಿ ತಿನ್ನುತ್ತಿದ್ದ. ತೊಡೆಯ ಮೇಲೆ ಆ ಮನೆಯ ಹುಡುಗ. ಕಂಡವರ ಮನೆಯಲ್ಲಿ ಪುಕ್ಕಟೆ ಊಟ ಹೊಡೆಯಲು ನಾಚಿಕೆಯಾದರೂ ಬೇಡವೇ! ಗರಿಗರಿ ಪಂಚೆ, ತಲೆಗೆ ಎಣ್ಣೆ. ಕೆಟ್ಟು ನಿಲ್ಲುವ ಕಾರಿನಲ್ಲಿ ಬರಲು ಮದುವೆಗೆ ಹೊರಟಂಥ ಸಿಂಗಾರ. ಉರಿಬಿಸಿಲಿನಲ್ಲೂ ಕಾರಿನ ಹೆಡ್‌ಲೈಟ್ ಮಂಕಾಗಿ ಉರಿಯುತ್ತಿತ್ತು.

"ಲೈಟ್ ಯಾಕೆ ಹಾಕಿದೀರಾ, ಯಜಮಾನ್ರೇ?"

"ಘಾಟೀಲಿ ಮಂಜಿತ್ತು ಕಣಯ್ಯ."

ಮುದುಕನಿಗೆ ಕಣ್ಣೂ ಇಲ್ಲ, ಬುದ್ಧಿಯೂ ಇಲ್ಲ ಎಂದುಕೊಂಡು ಪ್ರವೀಣ್ ಬ್ಯಾಟರಿ ಬದಲಿಸಿದ. ಎಂಜಿನ್ ಓಡುವಾಗ ಮೀಟರ್ ಹಿಡಿದ. ಹದಿನಾಲ್ಕು ವೋಲ್ಟ್ ತೋರಿಸಬೇಕಾದಲ್ಲಿ ಹನ್ನೆರಡೂ ಚಿಲ್ಲರೆ. ಆಕ್ಸಿಲರೇಟರ್ ಒತ್ತಿದರೂ ಮುಳ್ಳು ಮೇಲೇಳಲಿಲ್ಲ. ಬೆಲ್ಟ್ ಬಿಗಿಯಾಗಿತ್ತು, ವೈರು ಸರಿಯಾಗಿತ್ತು. ಸಂಶಯವೇ ಇಲ್ಲ.

"ಡೈನಮೊ ಸತ್ತಿದೆ. ಬ್ಯಾಟರಿಗೆ ಚಾರ್ಜೇ ಹೋಗ್ತಿಲ್ಲ. ಅದರ ಮೇಲೆ ಲೈಟ್ ಬೇರೆ ಹಾಕಿದ್ರೆ ಇಲ್ಲಿಗೆ ಬರೋಷ್ಟರಲ್ಲಿ ಖಾಲಿ. ಬದಲಾಯಿಸೋಣ ಅಂತ ಎಷ್ಟು ಸಲ ಹೇಳೋದು?"

"ಇನ್ನೂ ಸ್ವಲ್ಪ ದಿನ ಓಡ್ಲಿ ಬುಡು. ಅದಕ್ಕೇನ್ ಅವಸರ?"

ಮನೆಯ ಹೆಂಗಸು ಬಾಗಿಲ ಮರೆಯಲ್ಲಿ ನಕ್ಕಂತಾಯಿತು. ಪ್ರವೀಣನಿಗೆ ಮೈಯೆಲ್ಲ ಉರಿಯಿತು. ತೋಟ ಇದೆ, ಸ್ಟೋರ್ ತುಂಬ ಕಾಫಿ ಇದೆ, ಒಂದು ಡೈನಮೊ ಹಾಕಿಸಲು ಕೈ ಬರುವುದಿಲ್ಲ. ಈ ಜಿಪುಣನ ದೆಸೆಯಿಂದ ತನ್ನ ಮರ್ಯಾದೆ ಬೀದಿಪಾಲು.

ಆ ಸಂತೆಯ ದಿನವೇ ಬಸವಯ್ಯ ಹಾರನ್ ಸರಿಮಾಡೆಂದು ಕಾರನ್ನು ಅಂಗಡಿಯಲ್ಲಿ ಬಿಟ್ಟು ಹೋದ. ಪ್ರವೀಣ್ ಯಾರನ್ನೂ ಕೇಳಲಿಲ್ಲ. ಹಳೆಯ ಡೈನಮೊ ಬಿಚ್ಚಿ ಮೂಲೆಗೆಸೆದು ಒಳ್ಳೆಯದೊಂದನ್ನು ಕೂರಿಸಿದ. ಮೀಟರಿನ ಮುಳ್ಳು ಹದಿನಾಲ್ಕರ ಮೇಲೆ ಗಟ್ಟಿಯಾಗಿ ನಿಂತಿತು. ಇನ್ನು ಕರಿಯಪ್ಪನ ಬಾಯಿ ಮುಚ್ಚಿತು ಎಂದು ಮೀಸೆ ತಿರುವಿದ.

ಮುಂದಿನ ಸಂತೆಗೆ ಕಾರು ಎಲ್ಲೂ ನಿಲ್ಲದೆ ಆಲೂರು ಮುಟ್ಟಿತು. ಹೋಟೆಲಿನವರೆಲ್ಲ ಎದ್ದು ನೋಡಿದರು. ಪ್ರವೀಣ್ ಎದೆಯುಬ್ಬಿಸಿ ಅಂಗಡಿಯಿಂದ ಹೊರಬಂದ.

ಇಳಿದ ಬಸವಯ್ಯನ ಮುಖ ಕಪ್ಪಿಟ್ಟಿತ್ತು. "ನನ್ ಹಳೇ ಡೈನಮೊ ಎಲ್ಲೋ?"

"ಗುಜರಿಗೆ ಹಾಕೋಕೆ ಇಟ್ಟಿದೀನಿ. ಇನ್ಮೇಲೆ ನಿಮ್ಮ ಗಾಡಿ ಎಲ್ಲೂ ಕೆಡಲ್ಲ."

"ಅದನ್ನೇ ಹಾಕು. ಈಗ್ಲೇ ಹಾಕು."

"ನಿಮಗೇನು ತಲೆ ಕೆಟ್ಟಿದೆಯಾ? ನನ್ನ ಹೆಸರು ಹಾಳಾಗ್ತಿದೆ, ಯಜಮಾನ್ರೇ!"

ಬಸವಯ್ಯ ಹೋಟೆಲಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. ಕಣ್ಣು ತುಂಬಿತ್ತು.

"ಬೇರೆ ಜಾತಿಯವನ್ನ ಮದ್ವೆ ಆದ್ಲು ಅಂತ, ಮಗಳ ಮನೆ ಮುಂದೆ ನಾನಾಗಿ ಗಾಡಿ ನಿಲ್ಸಲ್ಲ ಅಂತ ದೇವ್ರ ಮೇಲೆ ಆಣೆ ಇಟ್ಬುಟ್ಟೀನಿ ಕಣೋ. ಇವತ್ತು ಮೊಮ್ಮಗ ಆ ತಿರುವಿನ ರೋಡಲ್ಲೇ ಕಾಯ್ತಾ ನಿಂತಿದ್ದ. ಕೆಡದೇ ಇರೋ ಗಾಡೀನ ಹೆಂಗೋ ನಿಲ್ಸ್ಲಿ?"