ಗೇಟಿನಲ್ಲಿ ಕೂಗಿದ ಹೆಸರು

ಎಂಬತ್ತನಾಲ್ಕರ ಬೇಸಿಗೆಯಲ್ಲಿ, ಕ್ಯಾಲಿಫೋರ್ನಿಯಾದ ಸನ್ನಿವೇಲಿನ ಸರ್ಕ್ಯೂಟ್ ಬೋರ್ಡ್ ಕಾರ್ಖಾನೆಯ ಗೇಟಿನಲ್ಲಿ ಕೈಕೈ ಹಿಡಿದು ನಿಂತಿದ್ದ ಮುಷ್ಕರದ ಹೆಂಗಸರ ಮೇಲೆ ಕಂಪನಿಯ ಕಾವಲುಗಾರರು ದೊಣ್ಣೆ ಬೀಸಿದರು. ಒಬ್ಬಳ ಮೊಣಕೈ ಮುರಿಯಿತು.

ಆಮೇಲೆ ಒಂದು ಕಲ್ಲು ಹಾರಿತು. ಬದಲಿ ಕೆಲಸಗಾರರನ್ನು ತಂದ ಬಸ್ಸಿನ ಗಾಜು ಒಡೆದು, ಕಾವಲುಗಾರನೊಬ್ಬನ ಹಣೆ ಸೀಳಿತು. ಪೊಲೀಸರು ಹಿಡಿದದ್ದು ಡೇವಿಡ್ ರೀಯನ್ನು. ಕೊರಿಯಾದವನು, ಯೂನಿಯನ್ನಿನ ಮುಂದಾಳು. ಅವನು ಜೈಲಿಗೆ ಹೋದರೆ ಮುಷ್ಕರ ಮುಗಿದಂತೆ.

ಅದೇ ಕಾರ್ಖಾನೆಯ ಎಂಜಿನಿಯರ್ ಗುರುಪ್ರಸಾದನಿಗೆ ಮ್ಯಾನೇಜರನಿಂದ ಕರೆ ಬಂದ ದಿನ ಅವನು ಆಫೀಸಿಗೆ ತಡವಾಗಿ ಬಂದಿದ್ದ. ಬೆಳಿಗ್ಗೆ ಶೈಲಜಾಳ ಜಡೆ ಹೆಣೆಯಬೇಕಿತ್ತು. ಆ ಕೆಲಸ ಅವನಿಗಿನ್ನೂ ಕೈಹತ್ತಿರಲಿಲ್ಲ.

“ಹೆಂಡತಿಗೆ ಜಡೆ ಹಾಕ್ಲಿಕ್ಕೆ ಹೋಗಿ ಲೇಟಾ? ಒಳ್ಳೆ ಗಂಡ ಮಾರಾಯ ನೀನು,” ಎಂದ ಪಕ್ಕದ ಮೇಜಿನ ಉಡುಪಿಯ ವೈಕುಂಠ. ಮತ್ತೆ ದನಿ ತಗ್ಗಿಸಿದ. “ಅವರು ಹೇಳಿದ್ದಕ್ಕೆಲ್ಲ ಎಸ್ ಅನ್ನು. ನಿನ್ನ ಗ್ರೀನ್ ಕಾರ್ಡು ಅವರ ಕೈಯಲ್ಲುಂಟು.”

“ಆ ಕೊರಿಯಾದವನ ಗತಿ?”

“ಅವನೇನು ನಿನ್ನ ಷಡ್ಡಕನಾ?”

ಒಳಗೆ ಮ್ಯಾನೇಜರ್, ಒಬ್ಬ ಪೊಲೀಸ್, ಮೇಜಿನ ಮೇಲೆ ಟೇಪ್ ರೆಕಾರ್ಡರ್.

“ಕಲ್ಲು ಬಿದ್ದಾಗ ನೀನು ಗೇಟಿನ ಹತ್ತಿರವೇ ಇದ್ದೆ. ಇದು ಆಗ ಅಲ್ಲಿ ಮಾಡಿದ ರೆಕಾರ್ಡಿಂಗ್. ಕೇಳು,” ಎಂದು ಮ್ಯಾನೇಜರ್ ಗುಂಡಿ ಒತ್ತಿದ.

ಗದ್ದಲ. ಏಟಿನ ಸದ್ದು. ಹೆಂಗಸೊಬ್ಬಳ ಚೀರಾಟ. ಅದರ ಬೆನ್ನಿಗೇ ಅದೇ ದನಿ ‘ರೀ, ರೀ’ ಎಂದು ಕೂಗಿತು, ಯಾರನ್ನೋ ತಡೆಯುವ ಹಾಗೆ. ಗಾಜು ಒಡೆಯಿತು.

“ಎಸೆಯುವವನನ್ನು ಹೆಸರು ಹಿಡಿದೇ ಕೂಗಿದ್ದಾಳೆ.”

“ಯಾರವಳು?”

“ಯಾರೋ ಬೆಸುಗೆ ಸಾಲಿನವಳು. ಅಲ್ಲಿ ಎಲ್ಲರ ದನಿಯೂ ಒಂದೇ.”

“ಏಟಿನ ಸದ್ದೂ ಇದೆಯಲ್ಲ. ಹೊಡೆದವನು ಯಾರು?”

“ಅದರ ಮೇಲೆ ಕೇಸಿಲ್ಲ,” ಎಂದ ಪೊಲೀಸ್.

ಗುರುಪ್ರಸಾದ ಭುಜ ನೀವಿಕೊಂಡ. ಬಲಭುಜ ಇನ್ನೂ ನೋಯುತ್ತಿತ್ತು.

“ಕಲ್ಲೆಸೆದವನು ರೀ ಎಂದು ಇವರ ಮುಂದೆ ಹೇಳು. ಅಷ್ಟು ಸಾಕು.”

“ಹೇಳುವುದಿಲ್ಲ.”

“ಆ ಹೆಸರಿನವನು ಇಲ್ಲಿ ಬೇರೆ ಯಾರಿದ್ದಾನೆ?”

“ಅದು ಹೆಸರಲ್ಲ,” ಎಂದ ಗುರುಪ್ರಸಾದ. “ನನ್ನ ಹೆಂಡತಿ ನನ್ನನ್ನು ಕರೆಯುವುದೇ ಹಾಗೆ.”