ಅಫಿಡವಿಟ್ಟಿನ ಒಂದು ಸಾಲು

“ಈ ಮನೆಯಲ್ಲಿ ಹದಿನೆಂಟರೊಳಗಿನ ಮಕ್ಕಳು ಯಾರೂ ಇಲ್ಲ,” ಎಂದು ವಕೀಲ ಸುಬ್ಬರಾಯರು ಮಂಗಳೂರಿನಿಂದ ವಿಡಿಯೊ ಕಾಲಿನಲ್ಲಿ ಅಫಿಡವಿಟ್ ಓದಿದಾಗ, ಸಹಿ ಹಾಕಲು ಹೊರಟಿದ್ದ ವಾರಿಜಾಕ್ಷಿಯ ಪೆನ್ನು ನಿಂತಿತು. ಗಲ್ಫಿನ ಅಲ್ ವಕ್ರಾದ ಆ ಫ್ಲ್ಯಾಟಿನ ಒಳಕೋಣೆಯಲ್ಲಿ ಅವಳ ಮಗಳು ಮೋಕ್ಷಾ ಇಂಗ್ಲಿಷಿನಲ್ಲಿ ಮಗ್ಗಿ ಹೇಳಿಕೊಳ್ಳುತ್ತಿದ್ದಳು.

“ಮಕ್ಕಳ ವಿಷಯ ಎಂತಕ್ಕೆ ಸರ್? ಇವನದ್ದು ವಾಲಿಬಾಲ್ ಮ್ಯಾಚಿನ ಹೊಡೆದಾಟದ ಕೇಸಲ್ವಾ?”

ಪಕ್ಕದಲ್ಲಿದ್ದ ತಮ್ಮ ಯತಿರಾಜ್ ಫೋನನ್ನು ತನ್ನ ಕಡೆ ತಿರುಗಿಸಿಕೊಂಡ. “ಅದೆಲ್ಲ ಫಾರ್ಮಾಲಿಟಿ ಅಕ್ಕ. ಸೈನ್ ಹಾಕು, ಖಲಾಸ್.”

“ನಿನ್ನನ್ನು ಕೇಳಿದ್ದಲ್ಲ ಮಾರಾಯ,” ಎಂದು ಅವಳು ಫೋನನ್ನು ಮತ್ತೆ ತನ್ನತ್ತ ತಿರುಗಿಸಿದಳು.

ಸುಬ್ಬರಾಯರು ಕನ್ನಡಕ ತೆಗೆದು ಒರೆಸಿದರು. “ನಿಮಗೆ ಗೊತ್ತಿದೆ ಅಂತ ಎಣಿಸಿದ್ದೆ ಅಮ್ಮ. ಊರಲ್ಲಿ ಪಕ್ಕದ ಮನೆಯ ಹುಡುಗಿಗೆ ಲೈಂಗಿಕ ಕಿರುಕುಳ ಕೊಟ್ಟ ಕೇಸು ಅದು. ಒಂಬತ್ತು ವರ್ಷದವಳು. ಶಿಕ್ಷೆ ಆಗಿದೆ. ಅಪೀಲು ಮುಗಿಯುವ ತನಕ ಜಾಮೀನಿನ ಮೇಲೆ ಹೊರಗಿದ್ದು ಅಲ್ಲಿ ಕೆಲಸ ಮಾಡಲು ಕೋರ್ಟು ಷರತ್ತು ಹಾಕಿ ಬಿಟ್ಟಿದೆ. ಮನೆ ಬದಲಿಸಿದರೆ ಠಾಣೆಗೆ ತಿಳಿಸಬೇಕು, ಮಕ್ಕಳಿರುವ ಮನೆಯಲ್ಲಿ ಇರಬಾರದು. ಇವರು ಕಂಪನಿ ಕ್ಯಾಂಪಿನ ವಿಳಾಸ ಕೊಟ್ಟು ನಿಮ್ಮಲ್ಲಿದ್ದಾರೆ. ತಿಳಿಸದೆ ಇದ್ದದ್ದಕ್ಕೆ ಈ ಅಫಿಡವಿಟ್ ಹಾಕಿ ಹೇಗಾದರೂ ಕ್ಷಮೆ ಕೇಳಬಹುದು. ಆದರೆ ನಿಮಗೆ ಮಕ್ಕಳಿಲ್ಲ ಅಂತ ಬರೆಸಿದ್ದು ಇವರೇ. ಅದು ಸುಳ್ಳಾದರೆ ಜೈಲು ತಪ್ಪುವುದಿಲ್ಲ.”

“ಅಕ್ಕ,” ಎಂದ ಯತಿರಾಜ್, ನೆಲ ನೋಡುತ್ತ. “ನಾಲ್ಕು ತಿಂಗಳಾಯಿತು. ಒಂದು ದಿನ ಏನಾದರೂ ಆಯಿತಾ?”

ವಾರಿಜಾಕ್ಷಿ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡಳು. ಮಕ್ಕಳಿಲ್ಲ ಎಂಬ ಸಾಲಿನ ಮೇಲೆ ನಿಧಾನವಾಗಿ ಗೀಟು ಎಳೆದಳು. ಮೇಲಿದ್ದ ಖಾಲಿ ಜಾಗದಲ್ಲಿ ದುಂಡಗಿನ ಅಕ್ಷರಗಳಲ್ಲಿ ಬರೆದಳು: ಮೋಕ್ಷಾ, ಮಗಳು, ಹತ್ತು ವರ್ಷ. ಅದರ ಕೆಳಗೆ ಸಹಿ ಹಾಕಿದಳು.